ಕಾಳಿಯ ದಡದ ಕಪ್ಪುಹಲಗೆಯೂ ಲೋಕದ ಬೋಧನಭಂಡಾರವೂ

ಶಾಲೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಟ್ಟಡ ಎದ್ದ ವರುಷವನ್ನೂ ಅದಕ್ಕೆ ಭೂಮಿಯನ್ನಿತ್ತ ದಾನಿಯ ನಾಮಧೇಯವನ್ನೂ ಮೊದಲ ತಂಡದಲ್ಲಿ ಉತ್ತೀರ್ಣರಾದವರ ಸಂಖ್ಯೆಯನ್ನೂ ಶ್ರದ್ಧೆಯಿಂದ ದಾಖಲಿಸುವರು. ಆದರೆ ಆ ಕಟ್ಟಡದೊಳಗೆ ನಿಂತು ಪಾಠ ಹೇಳಿದ ಉಪಾಧ್ಯಾಯನ ಕೈಯಲ್ಲಿ ಸೀಮೆಸುಣ್ಣದ ಹೊರತು ಮತ್ತೇನಿದ್ದಿತು, ಅವನಿಗೆ ತಿಳಿಯದುದನ್ನು ತಿಳಿಸುವ ಪುಸ್ತಕ ಎಲ್ಲಿಂದ ಬರುತ್ತಿದ್ದಿತು, ನೆರೆಯ ಊರಿನ ಉಪಾಧ್ಯಾಯನು ಕಂಡುಕೊಂಡ ಒಳ್ಳೆಯ ಉಪಾಯವೊಂದು ಇವನ ಶಾಲೆಯನ್ನು ಮುಟ್ಟುವುದಕ್ಕೆ ದಾರಿ ಯಾವುದಿದ್ದಿತು ಎಂಬುದನ್ನು ವಿಚಾರಿಸುವವರು ವಿರಳ. ಕಾರವಾರ, ಅಂಕೋಲೆಗಳ ಶಾಲೆಗಳ ಮಟ್ಟಿಗೆ ಈ ವಿಚಾರಣೆಗೆ ಒಂದು ಹಳೆಯ ಉತ್ತರವುಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯದಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅದಾದ ಮೂರು ವರುಷಗಳಲ್ಲಿ, ಶಾಲೆಗೆ ಮಠವೆಂದೇ ಜನ ಕರೆಯುತ್ತಿದ್ದ ಆ ಕಾಲದಲ್ಲಿ, 'ಮಠಪತ್ರಿಕೆ'ಯೆಂಬ ಮಾಸಪತ್ರಿಕೆ ಹೊರಡತೊಡಗಿತು. ಮುಂದೆ 'ಶಾಲಾಪತ್ರಿಕೆ'ಯೆಂದೂ ಕಡೆಗೆ 'ಜೀವನ ಶಿಕ್ಷಣ'ವೆಂದೂ ಹೆಸರು ಬದಲಿಸಿಕೊಂಡು ಬಾಳಿದ ಆ ಪತ್ರಿಕೆಯ ಉದ್ದೇಶ ಒಂದೇ ಆಗಿದ್ದಿತು: ಒಬ್ಬ ಉಪಾಧ್ಯಾಯನಿಗೆ ತಿಳಿದುದು ಎಲ್ಲ ಉಪಾಧ್ಯಾಯರಿಗೂ ತಿಳಿಯಲಿ, ಒಂದು ಶಾಲೆಯಲ್ಲಿ ಫಲಿಸಿದ ಬೋಧನೆಯ ರೀತಿ ಇನ್ನೊಂದು ಶಾಲೆಗೂ ದಕ್ಕಲಿ.

ಇಂದು ಅದೇ ಕಾರ್ಯವನ್ನು ಗಣಕಯಂತ್ರವೂ ಕೈಫೋನೂ ಮಾಡಬಲ್ಲವು, ಮಾಡುತ್ತಲೂ ಇವೆ. ಶಿಕ್ಷಕನಿಂದ ಕಾಸೊಂದನ್ನೂ ಕೇಳದ ಗಣಿತದ ತಂತ್ರಾಂಶಗಳು, ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ನಡೆಯಿಸಿ ತೋರುವ ಸಾಧನಗಳು, ಬಾಲಕರ ಕಥಾಪುಸ್ತಕಗಳ ಭಂಡಾರಗಳು, ನಕಾಶೆಗಳು, ನಿಘಂಟುಗಳು, ವಿಶ್ವಕೋಶಗಳು ಇಂದು ಎಷ್ಟು ವಿಪುಲವಾಗಿವೆಯೆಂದರೆ, ಯಾವುದನ್ನು ಆರಿಸಿಕೊಳ್ಳಬೇಕೆಂಬುದೇ ಶಿಕ್ಷಕರ ಮೊದಲ ಚಿಂತೆಯಾಗಿದೆ. ಈ ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುವುದು ಯುಕ್ತ. ಒಂದು ಸಾಧನಕ್ಕೆ ಬೆಲೆಯಿಲ್ಲವೆಂಬ ಮಾತ್ರದಿಂದಲೇ ಅದು ಈ ಕರಾವಳಿಯ ಶಿಕ್ಷಕನಿಗೆ ಉಪಯುಕ್ತವಾಗದು. ಅದನ್ನು ಸಂಪರ್ಕಜಾಲವಿಲ್ಲದ ಊರಿಗೆ ಒಯ್ಯಲು ಬರಬೇಕು; ತನ್ನ ತರಗತಿಗೆ ತಕ್ಕಂತೆ ತಿದ್ದಲು ಬರಬೇಕು; ತಿದ್ದಿದುದನ್ನು ಇನ್ನೊಬ್ಬ ಶಿಕ್ಷಕನಿಗೆ ನಿಸ್ಸಂಕೋಚವಾಗಿ ಕೊಡಲು ಬರಬೇಕು. ಈ ಮೂರು ಗುಣಗಳಲ್ಲಿ ಒಂದು ಕುಂದಿದರೂ ಆ ಸಾಧನವು ಪೇಟೆಯ ಶಾಲೆಯ ಅಲಂಕಾರವಾದೀತೇ ಹೊರತು ಹಳ್ಳಿಯ ಶಾಲೆಯ ಆಸ್ತಿಯಾಗದು.

ನಕಾಶೆಯನ್ನು ಬಿಡಿಸಿ ನೋಡಿದರೆ ಈ ಮಾತಿನ ಕಾರಣ ತಿಳಿಯುತ್ತದೆ. ಕಾರವಾರ, ಅಂಕೋಲೆಗಳೆಂದೊಡನೆ ಹೊರಗಿನವರ ಕಣ್ಣಿಗೆ ಕಡಲತೀರವೂ ರಾಷ್ಟ್ರೀಯ ಹೆದ್ದಾರಿಯೂ ಕೊಂಕಣ ರೈಲುಮಾರ್ಗವೂ ಕಟ್ಟುವುವು. ಆದರೆ ಈ ಎರಡು ತಾಲೂಕುಗಳ ಬಹುಭಾಗವು ಹೆದ್ದಾರಿಯಿಂದ ಪೂರ್ವಕ್ಕೆ, ಸಹ್ಯಾದ್ರಿಯ ಮಡಿಲಿನಲ್ಲಿ ಅಡಗಿದೆ. ಕಾಳಿ ನದಿಯ ಕಣಿವೆಯನ್ನು ಹಿಡಿದು ಕದ್ರಾ, ಕೈಗಾಗಳ ಕಡೆಗೆ ಹೋದರೂ, ಗಂಗಾವಳಿಯ ದಂಡೆಯನ್ನು ಹಿಡಿದು ಸುಂಕಸಾಳ, ರಾಮನಗುಳಿಗಳ ಕಡೆಗೆ ಹೋದರೂ, ಅಚವೆ, ಹಿಲ್ಲೂರುಗಳ ಕಾಡಿನ ದಾರಿಗೆ ತಿರುಗಿದರೂ, ಕೈಫೋನಿನ ಸಂಕೇತವು ಮೊದಲು ಕ್ಷೀಣಿಸಿ ಆಮೇಲೆ ಪೂರ್ತಿಯಾಗಿ ಅಡಗುವ ಸ್ಥಳಗಳು ಎದುರಾಗುವುವು. ಜೂನ್ ತಿಂಗಳಿನಲ್ಲಿ ಶಾಲೆಗಳು ಆರಂಭವಾಗುವುದಕ್ಕೂ ಮಳೆಗಾಲವು ಇಳಿಯುವುದಕ್ಕೂ ಇಲ್ಲಿ ಒಂದೇ ಮುಹೂರ್ತ. ವರುಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನೆಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋಗುವುದು, ಅದರ ಹಿಂದೆಯೇ ಫೋನಿನ ಗೋಪುರವು ನಿಶ್ಶಬ್ದವಾಗುವುದು ವರುಷ ವರುಷದ ಅನುಭವ. ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ಕುಳಿತು ಶಿಕ್ಷಣದ ತಂತ್ರಾಂಶವನ್ನು ರಚಿಸುವವರು ಶಾಲೆಯೆಂದರೆ ಸದಾ ಜಾಲಕ್ಕೆ ಜೋಡಿಸಿಕೊಂಡಿರುವ ಸ್ಥಳವೆಂದು ಗ್ರಹಿಸಿದಲ್ಲಿ, ಆ ಗ್ರಹಿಕೆಯು ಇಲ್ಲಿ ಮೊದಲನೆಯ ಮಳೆಗೇ ತಪ್ಪಾಗುತ್ತದೆ.

2020ರ ಮಹಾಮಾರಿಯ ವರುಷವು ಈ ಸತ್ಯವನ್ನು ಎಲ್ಲರಿಗೂ ಮನಗಾಣಿಸಿತು. ಶಾಲೆಗಳು ಮುಚ್ಚಿದ ಮೇಲೆ ಜಿಲ್ಲೆಯ ಮಲೆನಾಡಿನ ಮಕ್ಕಳು ಸಂಕೇತ ಸಿಕ್ಕುವ ಗುಡ್ಡದ ತುದಿಯನ್ನು ಹುಡುಕಿಕೊಂಡು ಹೋಗಿ, ಕೊಡೆಯ ಅಡಿಯಲ್ಲಿ ಕುಳಿತು ಪಾಠ ಕೇಳಿದ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ರಾಜ್ಯದ ಶಿಕ್ಷಣ ಇಲಾಖೆಯು ಆ ಜುಲೈ ತಿಂಗಳಿನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ'ವೆಂಬ ಪಾಠಮಾಲೆಯನ್ನು ಆರಂಭಿಸಿತು. ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿರುವ ಕೇರಿಗೆ ಹೋಗಿ ಜಗಲಿಯಲ್ಲಿ, ಗುಡಿಯ ಅಂಗಳದಲ್ಲಿ ಪಾಠ ಹೇಳುವ 'ವಿದ್ಯಾಗಮ'ವನ್ನು ಹೂಡಿತು. ಎರಡನೆಯದು ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ನಿಂತುಹೋಯಿತಾದರೂ, ಯಂತ್ರವು ಮುಟ್ಟಲಾರದ ಕಡೆಗೆ ಮನುಷ್ಯನೇ ನಡೆದುಹೋಗಬೇಕೆಂಬ ತಿಳಿವಳಿಕೆ ಅದರಲ್ಲಿ ಇದ್ದಿತು. ಆ ಕಾಲದ ಅನುಭವವನ್ನು ಮರೆತು ಸಾಧನಗಳ ವಿಚಾರವನ್ನು ಆಡುವುದು ನ್ಯಾಯವಲ್ಲ.

ಈಗ ಸಾಧನಗಳಿಗೆ ಬರೋಣ. ಶಿಕ್ಷಕರಿಗೆ ಅತ್ಯಂತ ಪರಿಚಿತವಾದುದು 'ದೀಕ್ಷಾ'. ಕೇಂದ್ರ ಸರ್ಕಾರವು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಇದನ್ನು ಲೋಕಾರ್ಪಣಗೊಳಿಸಿತು. ಇದರ ಅಡಿಪಾಯವಾದ 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶವು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ರೂಪುಗೊಂಡಿತೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಪಠ್ಯಪುಸ್ತಕದ ಪಾಠಗಳ ಬದಿಯಲ್ಲಿ ಅಚ್ಚಾಗಿರುವ ಕ್ಯೂಆರ್ ಸಂಕೇತಕ್ಕೆ ಫೋನನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ದೃಶ್ಯವೋ ಪ್ರಶ್ನಾವಳಿಯೋ ತೆರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಜಾಲವಿಲ್ಲದೆಯೂ ನೋಡಬಹುದು. ಈ ಕಡೆಯ ಸೌಲಭ್ಯವೇ ನಮ್ಮ ಭಾಗದ ಶಿಕ್ಷಕರಿಗೆ ಮುಖ್ಯ. ಶನಿವಾರ ಕಾರವಾರದ ಪೇಟೆಗೆ ಬಂದಾಗಲೋ ಅಂಕೋಲೆಯ ಬಸ್ಸುನಿಲ್ದಾಣದಲ್ಲಿ ಕಾದಿರುವಾಗಲೋ ಮುಂದಿನ ವಾರದ ಪಾಠಗಳನ್ನು ಇಳಿಸಿಕೊಂಡು ಸೋಮವಾರ ಘಟ್ಟದ ಶಾಲೆಗೆ ಒಯ್ಯಬಹುದು. ಆದರೆ ದೀಕ್ಷೆಯಲ್ಲಿರುವ ಅನೇಕ ದೃಶ್ಯಪಾಠಗಳು ಪಠ್ಯಪುಸ್ತಕದ ವಾಕ್ಯಗಳನ್ನೇ ಓದಿ ಹೇಳುತ್ತವೆ. ಅಂಥ ಪಾಠವನ್ನು ತರಗತಿಯಲ್ಲಿ ಹಚ್ಚಿ ಶಿಕ್ಷಕನು ಬದಿಗೆ ನಿಲ್ಲುವುದಕ್ಕಿಂತ ತಾನೇ ಬಾಯಿಬಿಟ್ಟು ಹೇಳುವುದು ಲೇಸು.

ಇದಕ್ಕಿಂತ ಭಿನ್ನವಾದ ಜಾತಿಯ ಸಾಧನವೆಂದರೆ ಜಿಯೋಜೆಬ್ರಾ. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿಯು 2001ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧದ ನಿಮಿತ್ತ ಇದನ್ನು ಆರಂಭಿಸಿದನು. ವ್ಯಾಪಾರದ ಉದ್ದೇಶವಿಲ್ಲದವರಿಗೆ ಇದು ಪೂರ್ಣ ಉಚಿತ. ಹತ್ತನೆಯ ತರಗತಿಯಲ್ಲಿ ಥೇಲ್ಸನ ಪ್ರಮೇಯವನ್ನು ಕಲಿಸುವಾಗ ಉಪಾಧ್ಯಾಯನು ಹಲಗೆಯ ಮೇಲೆ ಒಂದು ತ್ರಿಭುಜವನ್ನು ಬರೆದು, ಒಂದು ಬಾಹುವಿಗೆ ಸಮಾಂತರವಾಗಿ ರೇಖೆಯನ್ನೆಳೆದು, ಉಳಿದೆರಡು ಬಾಹುಗಳು ಸಮಾನುಪಾತದಲ್ಲಿ ವಿಭಾಗವಾದುವೆಂದು ಹೇಳುವನು. ಮಗುವು ಆ ಒಂದು ತ್ರಿಭುಜದ ಮಟ್ಟಿಗೆ ನಂಬುವುದು. ಪರದೆಯ ಮೇಲಾದರೋ ಶೃಂಗವನ್ನು ಹಿಡಿದು ಎಳೆದಂತೆಲ್ಲ ತ್ರಿಭುಜವು ಚೂಪಾಗುತ್ತದೆ, ಮೊಂಡಾಗುತ್ತದೆ, ಹಿರಿದಾಗುತ್ತದೆ, ಕಿರಿದಾಗುತ್ತದೆ. ಬದಿಯಲ್ಲಿ ಅನುಪಾತಗಳೆರಡೂ ಕೂಡಿಯೇ ಬದಲಾಗುತ್ತ ಒಂದಕ್ಕೊಂದು ಸಮನಾಗಿಯೇ ಉಳಿಯುತ್ತವೆ. ಇಲ್ಲಿ ಕಂಡದ್ದು ಸಾಧನೆಯಲ್ಲ, ಸಾಧಿಸಬೇಕೆಂಬ ಆಸೆಯನ್ನು ಹುಟ್ಟಿಸುವ ದರ್ಶನ. ಇದೇಕೆ ಹೀಗೆ ಎಂದು ಮಗು ಕೇಳಿದ ಮೇಲೆ ಉಪಾಧ್ಯಾಯನು ಹಲಗೆಯ ಬಳಿಗೆ ಬಂದು ಪ್ರಮೇಯವನ್ನು ಸಾಧಿಸಿದನೆಂದರೆ ಆ ಪಾಠವು ಬೇರೆಯೇ ಪಾಠ.

ಭೌತವಿಜ್ಞಾನದಲ್ಲಿ ಇಂಥದೇ ಉಪಕಾರವನ್ನು ಮಾಡುವುದು ಫೆಟ್. 2001ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ವೀಮನ್ ಎಂಬ ವಿಜ್ಞಾನಿಯು ಮರುವರುಷ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಇದನ್ನು ಸ್ಥಾಪಿಸಿದನು. ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆಯೇ ಜೋಡಿಸಿ ಮಂಡಲವನ್ನು ರಚಿಸಬಹುದು; ತಪ್ಪಾಗಿ ಜೋಡಿಸಿದರೆ ಉರಿ ಏಳುವುದನ್ನೂ ನೋಡಬಹುದು. ಇವುಗಳಲ್ಲಿ ಹಲವು ಕನ್ನಡಕ್ಕೆ ಬಂದಿವೆ. ಒಂದೊಂದನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು ಜಾಲವಿಲ್ಲದ ಗಣಕದಲ್ಲಿ ನಡೆಯಿಸಬಹುದು. ಪ್ರಯೋಗಾಲಯದ ಬೀರುವಿನಲ್ಲಿ ಆಮ್ಮೀಟರು ತುಕ್ಕುಹಿಡಿದಿರುವ ಶಾಲೆಗೆ ಇದು ದೊಡ್ಡ ಆಸರೆ. ಹಾಗೆಂದು ನಿಜವಾದ ತಂತಿಯನ್ನೂ ನಿಜವಾದ ಬಲ್ಬನ್ನೂ ಮಗುವಿನ ಕೈಗೆ ಕೊಡುವ ಕೆಲಸವನ್ನು ಇದರಿಂದ ತಪ್ಪಿಸಿಕೊಳ್ಳಲಾಗದು. ಎಸೆಯುವ ವಸ್ತುಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡುವ ವಿಧಾನವನ್ನು ಸಾವಿರಾರು ಪುಟಗಳಲ್ಲಿಯೂ ದೃಶ್ಯಗಳಲ್ಲಿಯೂ ಬಿಡಿಸಿ ಜಾಲತಾಣದಲ್ಲಿ ಧಾರೆಯೆರೆದ ಅರವಿಂದ ಗುಪ್ತರ ಶ್ರಮವನ್ನು ಇದರ ಜೊತೆಗೇ ಸ್ಮರಿಸಬೇಕು.

ಆದರೆ ಈ ಊರುಗಳ ಶಿಕ್ಷಕರಿಗೆ ಯಾವುದಾದರೂ ಒಂದೇ ತಂತ್ರಾಂಶವನ್ನು ಸೂಚಿಸೆಂದರೆ ನಾನು ಸ್ಟೆಲೇರಿಯಮನ್ನು ಸೂಚಿಸುವೆನು. ಫ್ರಾನ್ಸಿನ ಫ್ಯಾಬಿಯನ್ ಶೆರೋ ಎಂಬಾತನು ಈ ಶತಮಾನದ ಆರಂಭದಲ್ಲಿ ತೊಡಗಿಸಿದ, ಈಗ ನಾನಾ ದೇಶಗಳವರು ಕೂಡಿ ಬೆಳೆಸುತ್ತಿರುವ ಈ ಮುಕ್ತ ತಂತ್ರಾಂಶವು ಗಣಕದ ಪರದೆಯನ್ನು ಆಕಾಶವನ್ನಾಗಿ ಮಾಡುವುದು. ಯಾವ ಊರು, ಯಾವ ದಿನ, ಯಾವ ಗಳಿಗೆಯೆಂದು ತಿಳಿಸಿದರೆ ಅಲ್ಲಿಂದ ಕಾಣುವ ಸೂರ್ಯ ಚಂದ್ರ ಗ್ರಹ ನಕ್ಷತ್ರಗಳನ್ನು ಇದ್ದಂತೆ ತೋರುವುದು. ಕಾರವಾರವು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ಧ್ರುವನಕ್ಷತ್ರವು ಇಲ್ಲಿ ಉತ್ತರ ದಿಗಂತದಿಂದ ಹೆಚ್ಚುಕಡಮೆ 15 ಡಿಗ್ರಿ ಮಾತ್ರ ಮೇಲಿದ್ದು, ಗುಡ್ಡವೋ ತೆಂಗಿನ ತೋಟವೋ ಅಡ್ಡವಾದರೆ ಕಾಣದೆಯೇ ಹೋಗುತ್ತದೆ. ಅದೇ ಅಕ್ಷಾಂಶದ ಬಲದಿಂದ ವರುಷಕ್ಕೆ ಎರಡು ಸಲ ಸೂರ್ಯನು ಈ ಊರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುವನು; ಆ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಶೂನ್ಯಛಾಯೆಯ ಈ ದಿನವನ್ನು ಬಯಲುಸೀಮೆಯ ಶಾಲೆಗಳು ಅಂಗಳದಲ್ಲಿ ಆಚರಿಸಬಲ್ಲವು. ಕಾರವಾರದಲ್ಲಿ ಮೊದಲನೆಯದು ಏಪ್ರಿಲಿನ ಕಡೆಯ ದಿನಗಳಲ್ಲಿ, ಶಾಲೆಗೆ ಬೇಸಗೆಯ ರಜೆಯಿರುವಾಗ ಬರುವುದು. ಎರಡನೆಯದು ಆಗಸ್ಟಿನ ಎರಡನೆಯ ವಾರದಲ್ಲಿ, ಸೂರ್ಯನ ಮುಖವೇ ಅಪರೂಪವಾದ ಮಳೆಯಲ್ಲಿ ಬರುವುದು. ಹೀಗೆ ಕಣ್ಣಾರೆ ಕಾಣಲು ಪ್ರಕೃತಿಯೂ ಪಂಚಾಂಗವೂ ಅಡ್ಡಿಮಾಡಿರುವ ಘಟನೆಯನ್ನು ಪರದೆಯ ಮೇಲೆ ತೋರಿ, ರಜೆಯಲ್ಲಿ ಮನೆಯಂಗಳದಲ್ಲಿ ಕೋಲು ನೆಟ್ಟು ಪರೀಕ್ಷಿಸಿ ಬರೆಯಿರೆಂದು ಮಕ್ಕಳಿಗೆ ಹೇಳುವ ಅವಕಾಶವನ್ನು ಈ ಸಾಧನವು ಕೊಡುತ್ತದೆ.

ಇದಕ್ಕಿಂತಲೂ ರಮ್ಯವಾದುದು ಉಬ್ಬರವಿಳಿತದ ಪಾಠ. ಕೋಡಿಬಾಗ, ಬೈತಖೋಲ, ಬೇಲೆಕೇರಿ, ಮಂಜುಗುಣಿಗಳ ಬೆಸ್ತರ ಮಕ್ಕಳಿಗೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕಡಲು ಹೆಚ್ಚು ಏರುವುದೆಂಬುದೂ, ಭರತದ ವೇಳೆಯು ದಿನದಿಂದ ದಿನಕ್ಕೆ ಮುಂದೆ ಸರಿಯುವುದೆಂಬುದೂ ತಂದೆತಾಯಿಗಳ ಮಾತಿನಿಂದಲೇ ತಿಳಿದಿರುತ್ತದೆ. ಪಠ್ಯಪುಸ್ತಕಕ್ಕೆ ಅದೊಂದು ಹೊಸ ಸಂಗತಿ, ಮಗುವಿಗೆ ಹಳೆಯ ಸಂಗತಿ. ಕಾಳಿಯ ಅಳಿವೆಯಲ್ಲಿ ಮೆಟ್ಟಿಲೊಂದನ್ನು ಗುರುತಾಗಿಟ್ಟುಕೊಂಡು ನೀರು ಏರಿದ ವೇಳೆಯನ್ನು ಒಂದು ಪಕ್ಷದವರೆಗೆ ಬರೆದಿಡಲು ಹೇಳಿ, ಅದೇ ದಿನಗಳ ಚಂದ್ರನ ಸ್ಥಾನವನ್ನು ಸ್ಟೆಲೇರಿಯಮ್ಮಿನಲ್ಲಿ ತೋರಿದರೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವ ಚಂದ್ರನನ್ನೇ ಕಡಲು ಹಿಂಬಾಲಿಸುತ್ತಿದೆಯೆಂಬುದನ್ನು ಆ ಮಗು ತನ್ನ ಲೆಕ್ಕದ ಪುಸ್ತಕದಲ್ಲಿಯೇ ಕಾಣುವುದು. ಮನೆಯ ಅರಿವಿಗೂ ಶಾಲೆಯ ಶಾಸ್ತ್ರಕ್ಕೂ ಇಲ್ಲಿ ಭೇಟಿಯಾಯಿತು. ವಿದೇಶದ ತಂತ್ರಾಂಶವು ಆ ಭೇಟಿಗೆ ನಿಮಿತ್ತವಾಯಿತು. ಇಂಥ ಉಪಯೋಗವನ್ನು ತಂತ್ರಾಂಶವನ್ನು ರಚಿಸಿದವನು ಊಹಿಸಲಾರ. ಬೈತಖೋಲದ ಶಿಕ್ಷಕಿಯೇ ಊಹಿಸಬೇಕು.

ಜಾಲವೇ ಇಲ್ಲದ ಶಾಲೆಗಳ ಪ್ರಶ್ನೆಗೂ ಉತ್ತರವಿಲ್ಲದಿಲ್ಲ. ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶವನ್ನು ಒಂದು ಹಳೆಯ ಗಣಕದಲ್ಲಿ ಸ್ಥಾಪಿಸಿ, ಪೇಟೆಯಲ್ಲೊಮ್ಮೆ ಪಾಠಗಳನ್ನು ತುಂಬಿಸಿಕೊಂಡು ಬಂದರೆ, ಆ ಗಣಕವೇ ಶಾಲೆಯ ಗ್ರಂಥಾಲಯವಾಗಿ ಕೋಣೆಯೊಳಗಿನ ಇತರ ಯಂತ್ರಗಳಿಗೆ ಪಾಠಗಳನ್ನು ಹಂಚುವುದು. ಹೊರಗಿನ ಜಾಲದ ಹಂಗೇ ಅದಕ್ಕಿಲ್ಲ. ಕಿವಿಕ್ಸ್ ಎಂಬುದು ವಿಕಿಪೀಡಿಯವನ್ನು ಇಡಿಯಾಗಿ ಕಟ್ಟಿಕೊಡುತ್ತದೆ. 2003ರಲ್ಲಿ ಹುಟ್ಟಿ ಸ್ವಯಂಸೇವಕರ ದುಡಿಮೆಯಿಂದ 30,000ಕ್ಕೂ ಮಿಕ್ಕಿ ಲೇಖನಗಳಿಗೆ ಬೆಳೆದ ಕನ್ನಡ ವಿಕಿಪೀಡಿಯವು ಒಂದು ಪೆನ್‌ಡ್ರೈವಿನಲ್ಲಿ ಅಡಗಿ ಹಿಲ್ಲೂರಿನ ಶಾಲೆಗೆ ಹೋಗಬಲ್ಲುದು. ಸರ್ಕಾರವು ಶಾಲೆಗಳಿಗೆ ಗಣಕಗಳನ್ನು ಕೊಟ್ಟ ಯೋಜನೆಗಳು ಈ ಶತಮಾನದ ಆರಂಭದಿಂದ ಹಲವು ಬಂದು ಹೋದುವು. ಯಂತ್ರಗಳು ಬಂದುವು, ಕೆಟ್ಟುವು, ಕೋಣೆಗಳಿಗೆ ಬೀಗ ಬಿದ್ದುವು. ಬೀಗ ಬಿದ್ದ ಆ ಕೋಣೆಗಳಲ್ಲಿ ಇನ್ನೂ ಜೀವ ಹಿಡಿದಿರುವ ಒಂದೊಂದು ಗಣಕವನ್ನು ಹೀಗೆ ಉಪಯೋಗಿಸಿದರೂ ಎಷ್ಟೋ ಆಯಿತು.

ಕನ್ನಡದಲ್ಲಿಯೇ ಶಿಕ್ಷಕರಿಂದ ಶಿಕ್ಷಕರಿಗಾಗಿ ರಚಿತವಾದ ಭಂಡಾರವೊಂದು ಉಂಟು. ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ 2011ರ ಸುಮಾರಿನಿಂದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಶಿಕ್ಷಕರನ್ನು ಒಂದುಗೂಡಿಸಿ, ಅವರಿಗೆ ಉಬುಂಟುವಿನಂಥ ಮುಕ್ತ ತಂತ್ರಾಂಶಗಳ ಬಳಕೆಯನ್ನು ಕಲಿಸಿ, ಅವರ ಕೈಯಿಂದಲೇ ಪಾಠಸಾಮಗ್ರಿಯನ್ನು ಬರೆಯಿಸತೊಡಗಿದುವು. ಅದರ ಫಲವೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ತಾಣ. ಶಿಕ್ಷಕರ ಬಾಯಲ್ಲಿ ಇದು 'ಕೋಯರ್'. ವಿಕಿಪೀಡಿಯದ ತಂತ್ರಾಂಶದ ಮೇಲೆಯೇ ನಿಂತ ಇದನ್ನು ಓದುವುದಷ್ಟೇ ಅಲ್ಲ, ತಿದ್ದಲೂ ಬೆಳೆಸಲೂ ಬರುತ್ತದೆ. ಯುನೆಸ್ಕೋ ಸಂಸ್ಥೆಯು 2002ರಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಕಲ್ಪನೆಗೆ ನಾಮಕರಣ ಮಾಡಿ, 2019ರಲ್ಲಿ ಅದನ್ನು ಪೋಷಿಸಿರೆಂದು ಸದಸ್ಯರಾಷ್ಟ್ರಗಳಿಗೆ ಶಿಫಾರಸು ಮಾಡಿತು. ಆ ಎರಡು ವರುಷಗಳ ನಡುವೆ ಕರ್ನಾಟಕದ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಕನ್ನಡದಲ್ಲಿ ಆ ಕೆಲಸವನ್ನು ಮಾಡಿಯೇ ತೋರಿದ್ದರೆಂಬುದು ನಾವು ಅಭಿಮಾನದಿಂದ ಹೇಳಿಕೊಳ್ಳತಕ್ಕ ಮಾತು, ಹೇಳಿಕೊಂಡದ್ದು ಕಡಮೆ.

ಕನ್ನಡ ಕರಾವಳಿಯ ತೆಂಕಣ ತುದಿಯಾದ ಕಾಸರಗೋಡಿನಲ್ಲಿ ಇನ್ನೊಂದು ನಿಧಿಯುಂಟು. ಕೇರಳವು 2001ರಲ್ಲಿ ಆರಂಭಿಸಿದ ಶಾಲಾ ಗಣಕಶಿಕ್ಷಣದ ಯೋಜನೆಯನ್ನು ಮುಕ್ತ ತಂತ್ರಾಂಶಗಳ ಮೇಲೆಯೇ ಕಟ್ಟಿ, ಈಗ 'ಕೈಟ್' ಎಂಬ ಸಂಸ್ಥೆಯ ಮೂಲಕ ನಡೆಯಿಸುತ್ತಿದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅದು ಕನ್ನಡದಲ್ಲಿಯೂ ಪುಸ್ತಕಗಳನ್ನೂ ಪಾಠಗಳನ್ನೂ ಸಿದ್ಧಪಡಿಸುತ್ತಿದೆ. ಮಹಾಮಾರಿಯ ಕಾಲದ ದೃಶ್ಯಪಾಠಗಳೂ ಅಲ್ಲಿ ಕನ್ನಡದಲ್ಲಿ ಆದುವು. ಎರಡು ರಾಜ್ಯಗಳ ಪಠ್ಯಕ್ರಮ ಬೇರೆಯಾಗಿರಬಹುದು; ವೃತ್ತದ ಸ್ಪರ್ಶಕವು ಕಾಸರಗೋಡಿನಲ್ಲಿಯೂ ಕಾರವಾರದಲ್ಲಿಯೂ ತ್ರಿಜ್ಯಕ್ಕೆ ಲಂಬವಾಗಿಯೇ ಇರುತ್ತದೆ. ಒಂದೇ ಕಡಲಿನ ದಂಡೆಯ ಈ ಎರಡು ಊರುಗಳ ಕನ್ನಡ ಶಿಕ್ಷಕರಿಗೆ ಪರಸ್ಪರರ ಸಾಮಗ್ರಿಯ ಪರಿಚಯವಿರಬೇಕೆಂದು ನಾನು ಬಹಳವಾಗಿ ಬಯಸುತ್ತೇನೆ.

ಪ್ರಾಥಮಿಕ ತರಗತಿಗಳ ಸಮಸ್ಯೆ ಬೇರೆ. ಕಾರವಾರದ ಕರಾವಳಿಯಲ್ಲಿ ಮೊದಲನೆಯ ತರಗತಿಗೆ ಬರುವ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮಕ್ಕಳು ಆಡುವ ಕನ್ನಡದ ಧಾಟಿಯೇ ಬೇರೆ. ಶಾಲೆಯ ಗ್ರಂಥಕನ್ನಡವು ಇಬ್ಬರಿಗೂ ಮೊದಲ ದಿನಗಳಲ್ಲಿ ಪರಭಾಷೆಯಂತೆಯೇ ತೋರುವುದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು ತೆರೆದ ಸ್ಟೋರಿವೀವರ್ ತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡದ ಚಿತ್ರಪುಸ್ತಕಗಳು ರಾಶಿರಾಶಿಯಾಗಿವೆ. ಕೊಂಕಣಿಯ ಪುಸ್ತಕಗಳೂ ಇವೆ. ಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು ಮಾತನ್ನು ಬದಲಿಸುವ ಅನುಮತಿಯನ್ನು ಆ ತಾಣವು ಎಲ್ಲರಿಗೂ ಕೊಟ್ಟಿದೆ. ಆದುದರಿಂದ ಶಿಕ್ಷಕಿಯು ಮೇಲಿನ ಸಾಲಿನಲ್ಲಿ ಮಗುವಿನ ಮನೆಮಾತನ್ನೂ ಕೆಳಗಿನ ಸಾಲಿನಲ್ಲಿ ಶಾಲೆಯ ಕನ್ನಡವನ್ನೂ ಬರೆದು ಅಚ್ಚುಹಾಕಿಸಿ ನಲಿ-ಕಲಿಯ ಕೋಣೆಯಲ್ಲಿ ಇಡಬಹುದು. ಇದರಿಂದ ಶಾಲೆಯ ಕನ್ನಡಕ್ಕೆ ನಷ್ಟವಿಲ್ಲ. ಮಗುವು ಅದರ ಬಾಗಿಲಿಗೆ ಭಯವಿಲ್ಲದೆ ಬರುವುದು.

ಇಲ್ಲಿಯವರೆಗೆ ಹೇಳಿದುದೆಲ್ಲ ಹೊರಗಿನಿಂದ ಈ ಊರುಗಳಿಗೆ ಬರುವ ಸಾಮಗ್ರಿಯ ಮಾತಾಯಿತು. ಈ ಊರುಗಳಿಂದ ಹೊರಗೆ ಹೋಗತಕ್ಕುದು ಏನೂ ಇಲ್ಲವೆ? ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು, ಯಾವ ಮರದ ಬೀಜವನ್ನು ಯಾವ ತಾಯಿಮರದಿಂದ ಯಾವ ಹೊತ್ತಿನಲ್ಲಿ ಆರಿಸಬೇಕೆಂಬ ಸೂಕ್ಷ್ಮಜ್ಞಾನವನ್ನು ಗಳಿಸಿ, ಪದ್ಮಶ್ರೀ ಗೌರವಕ್ಕೆ ಪಾತ್ರರಾದವರು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡುಗಳ ಭಂಡಾರವೇ ಆಗಿದ್ದು, 2017ರಲ್ಲಿ ಅದೇ ಗೌರವವನ್ನು ಪಡೆದು, 2025ರ ಫೆಬ್ರುವರಿಯಲ್ಲಿ ಅಗಲಿದರು. ಮೂರು ತಿಂಗಳ ಒಳಗೆ ಒಂದು ತಾಲೂಕು ಇಂಥ ಇಬ್ಬರನ್ನು ಕಳೆದುಕೊಂಡಿತು. ಅವರಿಗೆ ತಿಳಿದುದರಲ್ಲಿ ಎಷ್ಟು ಭಾಗ ಆ ತಾಲೂಕಿನ ಮಕ್ಕಳ ಪಾಠವಾಗಿದೆಯೆಂದು ಕೇಳಿಕೊಂಡರೆ ಮನಸ್ಸಿಗೆ ನೋವಾಗುತ್ತದೆ. ಅವರ ಊರುಗಳಲ್ಲಿ ಬೀಜದ ಗುಣವನ್ನು ಬಲ್ಲ ಮುದುಕಿಯರು, ಹಾಡು ಬಲ್ಲ ಹೆಂಗಸರು ಇನ್ನೂ ಇದ್ದಾರೆ. ಶಿಕ್ಷಕನ ಕೈಯಲ್ಲಿರುವ ಫೋನು ಅವರ ದನಿಯನ್ನು ಹಿಡಿಯಬಲ್ಲುದು. ವಿಕಿಮೀಡಿಯ ಕಾಮನ್ಸಿನಂಥ ಉಚಿತ ಭಂಡಾರವು ಅದನ್ನು ಬಹುಕಾಲ ಕಾಪಾಡಬಲ್ಲುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮದುವೆಯ ಹಾಡಾಗಲಿ, ಮದ್ದಿನ ಗಿಡದ ಗುಟ್ಟಾಗಲಿ ಅದನ್ನು ಕೇಳಿದವನ ಸ್ವತ್ತಲ್ಲ. ಅದು ಹಾಡಿದವಳದು, ಅವಳ ಸಮುದಾಯದ್ದು. ಅದನ್ನು ಲೋಕಕ್ಕೆ ಬಿಡಬಹುದೇ, ಎಷ್ಟು ಬಿಡಬಹುದು ಎಂದು ಮೊದಲು ಅವಳಲ್ಲಿ ವಿಚಾರಿಸಿ, ಬೇಡವೆಂದಲ್ಲಿ ಶಾಲೆಯ ಗೋಡೆಯೊಳಗೇ ಇರಿಸಿಕೊಳ್ಳಬೇಕು.

ಚರಿತ್ರೆ, ಭೂಗೋಳಗಳಿಗೂ ಇಲ್ಲಿ ಸಾಮಗ್ರಿಯ ಕೊರತೆಯಿಲ್ಲ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಜನರ ಮರಿಮಕ್ಕಳು ಇಂದಿಗೂ ಅದೇ ಊರಿನ ಶಾಲೆಗಳಲ್ಲಿ ಓದುತ್ತಿರಬಹುದು. ದಂಡಿಯ ಪಾಠವನ್ನು ಓಪನ್‌ಸ್ಟ್ರೀಟ್‌ಮ್ಯಾಪಿನ ನಕಾಶೆಯ ಮೇಲೆ ಅಂಕೋಲೆಯ ಸ್ಥಳಗಳನ್ನು ಗುರುತಿಸುವುದರಿಂದ ಆರಂಭಿಸಬಹುದು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ, ಗಂಗಾವಳಿಗೆ ಬಿದ್ದು, ಅದರಿಂದೆದ್ದ ನೀರು ಆಚೆದಡದ ಉಳುವರೆಯ ಮನೆಗಳನ್ನೂ ಬಡಿದು ಅನೇಕರ ಪ್ರಾಣವನ್ನು ಕೊಂಡ ದುರಂತವನ್ನು ಈ ಮಕ್ಕಳು ಬಲ್ಲರು. ಇಸ್ರೋ ಸಂಸ್ಥೆಯ ಭುವನ್ ತಾಣದ ಉಪಗ್ರಹಚಿತ್ರಗಳ ನೆರವಿನಿಂದ ಇಳಿಜಾರು, ಮಣ್ಣು, ಮಳೆ, ಮನುಷ್ಯನ ಅಗೆತ ಇವುಗಳ ಸಂಬಂಧವನ್ನು ಅಲ್ಲಿಯ ಭೂಗೋಳದ ಶಿಕ್ಷಕನು ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಕಲಿಸಬಲ್ಲನು. ತರಗತಿಯಲ್ಲಿ ತನ್ನವರನ್ನು ಕಳೆದುಕೊಂಡ ಮಗುವಿದ್ದರೆ ಯಾವಾಗ ಕಲಿಸಬೇಕು, ಯಾವಾಗ ಸುಮ್ಮನಿರಬೇಕೆಂಬುದನ್ನು ನಿರ್ಣಯಿಸುವವನೂ ಅವನೇ.

ಸಿದ್ಧವಾದ ಸಾಮಗ್ರಿಯು ಉಳಿಯುವುದೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಇಂದು ತಾಲೂಕಿನ ಶಿಕ್ಷಕರ ವಿನಿಮಯವೆಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಡೆಯುತ್ತದೆ. "ಪಿಡಿಎಫ್ ಇದ್ದರೆ ಗ್ರೂಪಿಗೆ ಹಾಕಿ ಸರ್" ಎಂಬ ಬೇಡಿಕೆಗೆ ಹತ್ತು ಕಡತಗಳು ಬರುವುವು. ಬರೆದವರ ಹೆಸರಿಲ್ಲ, ವರುಷವಿಲ್ಲ, ತಿದ್ದಲು ಬರುವ ಮೂಲವಿಲ್ಲ. ಮುಂದಿನ ವರುಷ ಹುಡುಕಿದರೆ ಅವು ಸಿಕ್ಕುವುದೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳೂ ಟಿಪ್ಪಣಿಗಳೂ ಬಹಳಷ್ಟು ಯುನಿಕೋಡ್ ಅಲ್ಲದ ಲಿಪಿಯಲ್ಲಿ ಅಚ್ಚಾಗಿದ್ದು, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುವು. ಕನ್ನಡ ಗಣಕ ಪರಿಷತ್ತಿನ ನುಡಿಯೇ ಈಗ ಯುನಿಕೋಡಿನಲ್ಲಿ ಬರೆಯಲು ಅನುಕೂಲ ಮಾಡಿಕೊಟ್ಟಿದೆ, ಕೆ. ಪಿ. ರಾಯರು ರೂಪಿಸಿಕೊಟ್ಟ ಕೀಲಿಮಣೆಯ ವಿನ್ಯಾಸವು ಶಿಕ್ಷಕರ ಬೆರಳುಗಳಿಗೆ ರೂಢಿ ಇದೆ. ಇನ್ನು ಮುಂದೆ ಬರೆಯುವುದನ್ನೆಲ್ಲ ಯುನಿಕೋಡಿನಲ್ಲಿಯೇ ಬರೆದು, ಕೆಳಗೆ ತನ್ನ ಹೆಸರು, ಶಾಲೆ, ವರುಷಗಳನ್ನು ಕಾಣಿಸಿ, ಯಾರು ಬೇಕಾದರೂ ತಿದ್ದಿ ಬಳಸಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಅನುಮತಿಯ ಒಂದು ಸಾಲನ್ನು ಸೇರಿಸಿದರೆ ಕಾಲುಭಾಗ ಕೆಲಸ ಆದಂತೆಯೇ.

ಇದಕ್ಕೆಲ್ಲ ಶಿಕ್ಷಕನಿಗೆ ಪುರುಸೊತ್ತು ಎಲ್ಲಿದೆಯೆಂದು ಕೇಳುವವರ ಪ್ರಶ್ನೆ ನ್ಯಾಯವಾದುದು. ಅವನ ಫೋನು ಈಗಾಗಲೇ ಹಾಜರಿ, ಬಿಸಿಯೂಟ, ಹಾಲು, ಮೊಟ್ಟೆ, ವಿದ್ಯಾರ್ಥಿಗಳ ವಿವರಗಳ ಅಂಕಿಸಂಖ್ಯೆಗಳನ್ನು ತುಂಬುವ ಕೆಲಸಕ್ಕೆ ದಿನದ ಬಹುಭಾಗವನ್ನು ಒಪ್ಪಿಸಿದೆ. ಆ ಫೋನೂ ಅದರ ದತ್ತಾಂಶದ ಖರ್ಚೂ ಅವನ ಸಂಬಳದಿಂದಲೇ. ಉಚಿತವೆಂದು ಕರೆಯುವ ಸಾಧನಗಳ ಬೆಲೆಯನ್ನು ಹೀಗೆ ಯಾರೋ ತೆರುತ್ತಲೇ ಇದ್ದಾರೆ. ಕೆಲವು ಖಾಸಗಿ ಆ್ಯಪುಗಳ ಬೆಲೆಯನ್ನು ಮಕ್ಕಳೇ ತೆರುವರು: ತಮ್ಮ ಹೆಸರು, ವಯಸ್ಸು, ದೌರ್ಬಲ್ಯಗಳ ವಿವರವನ್ನು ಅವಕ್ಕೆ ಒಪ್ಪಿಸಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರುಷದೊಳಗಿನವರ ದತ್ತಾಂಶಕ್ಕೆ ತಂದೆತಾಯಿಗಳ ಒಪ್ಪಿಗೆಯನ್ನು ವಿಧಿಸಿರುವುದರಿಂದ, ಮಕ್ಕಳಿಂದ ಖಾತೆ ತೆರೆಯಿಸುವ ಯಾವ ಸಾಧನವನ್ನಾದರೂ ತರಗತಿಗೆ ತರುವ ಮೊದಲು ಎರಡು ಸಲ ಆಲೋಚಿಸಬೇಕು. ನಾನು ಮೇಲೆ ಹೇಳಿದ ಜಿಯೋಜೆಬ್ರಾ, ಫೆಟ್, ಸ್ಟೆಲೇರಿಯಮ್, ಕಿವಿಕ್ಸ್ ಇವು ಮಗುವಿನ ಹೆಸರನ್ನು ಕೇಳದೆಯೇ ಕೆಲಸಮಾಡುತ್ತವೆ.

ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳಿರುವ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆದು, 1966ರಲ್ಲಿ ಗೋಖಲೆಯವರ ಶತಾಬ್ದಿಯ ನೆನಪಿಗೆ ಅಂಕೋಲೆಯಲ್ಲಿ ಮಹಾವಿದ್ಯಾಲಯವನ್ನೇ ಎತ್ತಿದಾಗ, ಜನರು ಕೇಳಿದ್ದು ಕಟ್ಟಡವನ್ನು. ಈಗ ಕೇಳಬೇಕಾದುದು ಸಮಯವನ್ನು. ತಿಂಗಳಿಗೊಮ್ಮೆ ನಡೆಯುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆಗಳನ್ನು ಓದುವ ಹೊತ್ತಿನಿಂದ ಒಂದು ಗಂಟೆಯನ್ನು ಬಿಡಿಸಿ, ಒಬ್ಬ ಶಿಕ್ಷಕನು ತಾನು ತರಗತಿಯಲ್ಲಿ ಬಳಸಿ ನೋಡಿದ ಒಂದು ಸಾಧನವನ್ನು ಉಳಿದವರೆದುರು ನಡೆಯಿಸಿ ತೋರಿ, ಕಡತವನ್ನು ಎಲ್ಲರ ಪೆನ್‌ಡ್ರೈವಿಗೂ ಹಂಚಲಿ. ಕುಮಟೆಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಆ ಕಡತಗಳನ್ನು ತರಗತಿ, ವಿಷಯ, ಪಾಠಗಳ ಕ್ರಮದಲ್ಲಿ ಇರಿಸಿ, ವರುಷಕ್ಕೊಮ್ಮೆ ಜೂನಿನ ಮೊದಲು, ಮಳೆಗೆ ಮುಂಚೆ, ಒಂದೊಂದು ಪ್ರತಿಯನ್ನು ಜಾಲವಿಲ್ಲದ ಶಾಲೆಗಳಿಗೆ ಕಳುಹಿಸಿಕೊಡಲಿ. ಒಳ್ಳೆಯವನ್ನು ಕೋಯರಿಗೂ ದೀಕ್ಷೆಗೂ ಏರಿಸಲಿ. ಆ ಪಟ್ಟಿಯ ಮೊದಲ ಮೂರು ಕಡತಗಳು ಯಾವುವಾಗಬೇಕೆಂದು ಕೇಳಿದರೆ ನನ್ನ ಸೂಚನೆ ಇದು: ಕಾಳಿಯ ಅಳಿವೆಯ ಹದಿನೈದು ದಿನಗಳ ಭರತದ ವೇಳಾಪಟ್ಟಿ, ಅಂಕೋಲೆಯ ಕಾಡಿನ ಹತ್ತು ಮರಗಳ ಬೀಜದ ಚಿತ್ರಗಳು, ಕೊಂಕಣಿ–ಕನ್ನಡ ಎರಡು ಸಾಲಿನ ಒಂದು ಕಥಾಪುಸ್ತಕ.